ಮಠದ ಗೋಡೆಯೊಳಗಿನ ಬೇಸಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೆಯಲ್ಲಿ ಕ್ಯಾಥೊಲಿಕ್ ಸನ್ಯಾಸಿ ಮಠಗಳ ಬಗ್ಗೆ ಒಬ್ಬರು ಕೇಳಿದ್ದಕ್ಕೆ ನಾಲ್ಕು ಸಾಲಲ್ಲಿ ಉತ್ತರ ಬರೆದಿದ್ದೆ. ಅಷ್ಟು ಸಾಲದು, ಇನ್ನೂ ಹೇಳಿ ಅಂತ ಪತ್ರಗಳು ಬಂದಿವೆ. ಬೇಸಿಗೆಯಲ್ಲಿ ಅಲ್ಲಿ ದಿನ ಹೇಗೆ ಸಾಗುತ್ತದೆ ಅನ್ನೋದೇ ಹೆಚ್ಚಿನವರ ಕುತೂಹಲ. ಹಾಗಾಗಿ ಈ ಸಲ ಪುಟ ಪೂರ್ತಿ ಅದಕ್ಕೇ. ಇಲ್ಲಿ ಬೇಸಿಗೆ ಅಂದರೆ ಯುರೋಪಿನ ಬೇಸಿಗೆ, ಹೆಚ್ಚುಕಡಿಮೆ ಜೂನ್‌ನಿಂದ ಆಗಸ್ಟ್ ತನಕ. ಉತ್ತರಗಳಲ್ಲಿ ‘ನಿಯಮಾವಳಿ’ ಅನ್ನೋ ಮಾತು ಪದೇ ಪದೇ ಬರುತ್ತದೆ. ಅದು ಸಂತ ಬೆನೆಡಿಕ್ಟರು 6ನೇ ಶತಮಾನದಲ್ಲಿ ಇಟಲಿಯ ಮೊಂತೆ ಕಾಸ್ಸಿನೊ ಬೆಟ್ಟದ ಮಠದಲ್ಲಿದ್ದಾಗ ಬರೆದ 73 ಅಧ್ಯಾಯಗಳ ಪುಟ್ಟ ಪುಸ್ತಕ. ಬೆನೆಡಿಕ್ಟೈನ್, ಸಿಸ್ಟರ್ಸಿಯನ್, ಟ್ರ್ಯಾಪಿಸ್ಟ್ ಅನ್ನೋ ಸನ್ಯಾಸಿ ಪಂಥಗಳ ಮಠಗಳು ಇವತ್ತಿಗೂ ಬದುಕುತ್ತಿರುವುದು ಅದರ ಮೇಲೆಯೇ.

ಪ್ರಶ್ನೆ: ಶಾಲೆ ಕಾಲೇಜಿಗೆಲ್ಲ ಬೇಸಿಗೆ ರಜೆ ಇದೆ. ಸನ್ಯಾಸಿಗಳಿಗೂ ಇರುತ್ತದಾ?

ಇಲ್ಲ. ಪ್ರಾರ್ಥನೆಗೆ ರಜೆ ಅನ್ನೋದೇ ಇಲ್ಲ. ಹಬ್ಬ ಇರಲಿ, ಕೊಯ್ಲು ಇರಲಿ, ಗಂಟೆ ಹೊಡೆದ ಕೂಡಲೇ ಬೈಬಲಿನ ಕೀರ್ತನೆ ಹಾಡಲು ಎಲ್ಲರೂ ಸೇರಲೇಬೇಕು.

ಆದರೆ ಬಿಡುವೇ ಇಲ್ಲ ಅಂತಲ್ಲ. ಬಹಳಷ್ಟು ಮಠಗಳಲ್ಲಿ ವರ್ಷಕ್ಕೊಮ್ಮೆ ಒಂದು ವಾರದ ಧ್ಯಾನಕೂಟ ಇರುತ್ತದೆ, ಕೆಲವು ಕಡೆ ಅದು ಬೇಸಿಗೆಯಲ್ಲೇ ಬರುತ್ತದೆ. ಆಗ ಹೊರಗಿನ ಕೆಲಸ ಕಡಿಮೆ, ಮೌನ ಜಾಸ್ತಿ. ಎಲ್ಲರಿಗಿಂತ ಕಟ್ಟುನಿಟ್ಟು ಅಂತ ಹೆಸರಾದ ಕಾರ್ತೂಸಿಯನ್ನರನ್ನೇ ನೋಡಿ. 1084ರಲ್ಲಿ ಸಂತ ಬ್ರೂನೊ ಆಲ್ಪ್ಸ್ ಬೆಟ್ಟಗಳಲ್ಲಿ ಶುರು ಮಾಡಿದ ಪಂಥ ಅದು. ಒಬ್ಬೊಬ್ಬರಿಗೂ ಬೇರೆ ಬೇರೆ ಪುಟ್ಟ ಮನೆ, ಪುಟ್ಟ ತೋಟ. ಊಟವೂ ಸಾಮಾನ್ಯವಾಗಿ ಒಬ್ಬರೇ. ಅಂಥವರು ಕೂಡ ವಾರಕ್ಕೊಂದು ಸಲ ಎಲ್ಲರೂ ಒಟ್ಟಾಗಿ ಕಾಡಲ್ಲಿ, ಬೆಟ್ಟದಲ್ಲಿ ಮೂರು ನಾಲ್ಕು ಗಂಟೆ ಸುತ್ತಾಡಿ ಬರುತ್ತಾರೆ, ದಾರಿಯುದ್ದಕ್ಕೂ ಮನಸಾರೆ ಮಾತಾಡುತ್ತಾರೆ. ಹಿಮ ಕರಗಿದ ಮೇಲೆ ಆ ನಡಿಗೆಗೆ ಒಂದು ಬೇರೆಯೇ ಖುಷಿ ಇರುತ್ತದೆ, ಅಲ್ವಾ?

ಪ್ರಶ್ನೆ: ಸನ್ಯಾಸಿಗಳು ನಡುರಾತ್ರಿ ಏಳುತ್ತಾರೆ ಅಂತ ಕೇಳಿದ್ದೇನೆ. ಬೇಸಿಗೆಯಲ್ಲಿ ರಾತ್ರಿ ಚಿಕ್ಕದು, ನಿದ್ದೆ ಸಾಕಾಗುತ್ತದಾ? ದಿನವಿಡೀ ಏನು ಮಾಡುತ್ತಾರೆ, ಸ್ವಲ್ಪ ವಿವರವಾಗಿ ಹೇಳಿ.

ಒಳ್ಳೆ ಪ್ರಶ್ನೆ. ಬೆನೆಡಿಕ್ಟರಿಗೂ ಇದೇ ಚಿಂತೆ ಇತ್ತು.

ಆಗ ಈಗಿನಂಥ ಗಡಿಯಾರ ಇರಲಿಲ್ಲ. ಸೂರ್ಯ ಹುಟ್ಟಿದಾಗಿನಿಂದ ಮುಳುಗುವ ತನಕ ಹನ್ನೆರಡು ಗಂಟೆ ಅಂತ ಲೆಕ್ಕ, ರಾತ್ರಿಗೂ ಹಾಗೇ ಹನ್ನೆರಡು. ಅಂದರೆ ನಡು ಇಟಲಿಯ ಜೂನ್ ತಿಂಗಳಲ್ಲಿ ಹಗಲಿನ ಒಂದು ‘ಗಂಟೆ’ ನಮ್ಮ ಸುಮಾರು 75 ನಿಮಿಷ, ರಾತ್ರಿಯದ್ದು 45 ನಿಮಿಷ. ಇಂಥ ಚಿಕ್ಕ ರಾತ್ರಿಯಲ್ಲಿ ಚಳಿಗಾಲದಷ್ಟೇ ಉದ್ದದ ಜಾಗರಣೆ ಪ್ರಾರ್ಥನೆ ಇಟ್ಟರೆ ಮನುಷ್ಯ ಏಳೋದು ಹೇಗೆ? ಅದಕ್ಕೆ ಅವರು ಕತ್ತರಿ ಹಾಕಿದ್ದು ಪಾಠಗಳಿಗೆ. ವಾರದ ದಿನಗಳಲ್ಲಿ ಪುಸ್ತಕ ಬಿಡಿಸಿ ಓದುವ ಉದ್ದುದ್ದ ಪಾಠಗಳನ್ನು ಬಿಟ್ಟು, ಬೈಬಲಿನ ಹಳೆಯ ಒಡಂಬಡಿಕೆಯಿಂದ ಬಾಯಿಪಾಠವಾಗಿ ಹೇಳುವ ಒಂದು ಚಿಕ್ಕ ಪಾಠ ಸಾಕು ಅಂದರು. ಕೀರ್ತನೆಗಳನ್ನು ಮಾತ್ರ ಮುಟ್ಟಲಿಲ್ಲ. ಹನ್ನೆರಡು ಅಂದರೆ ಹನ್ನೆರಡೇ. ನನಗೆ ಇದು ತುಂಬಾ ಇಷ್ಟ. ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು ಅನ್ನೋದು ಅವರಿಗೆ ಅಷ್ಟು ಸ್ಪಷ್ಟ ಇತ್ತು.

ಇನ್ನು ಹಗಲು. ನಿಯಮಾವಳಿಯ 48ನೇ ಅಧ್ಯಾಯದಲ್ಲಿ ಈಸ್ಟರ್‌ನಿಂದ ಅಕ್ಟೋಬರ್ 1ರ ತನಕ ಒಂದು ಬೇರೆಯೇ ವೇಳಾಪಟ್ಟಿ ಇದೆ. ಬೆಳಗಿನ ಪ್ರಾರ್ಥನೆ ಮುಗಿದ ಕೂಡಲೇ ಕೈಕೆಲಸ, ಹೆಚ್ಚುಕಡಿಮೆ ನಾಲ್ಕನೇ ಗಂಟೆಯ ತನಕ. ನಮ್ಮ ಲೆಕ್ಕದಲ್ಲಿ ಅದು ಬೆಳಿಗ್ಗೆ ಒಂಬತ್ತೂವರೆ ಹೊತ್ತು. ಬಿಸಿಲು ಏರುವಷ್ಟರಲ್ಲಿ ಹೊಲದಿಂದ ಒಳಗೆ ಬಂದು ಮಧ್ಯಾಹ್ನದ ಪ್ರಾರ್ಥನೆಯವರೆಗೆ ಓದು. ಆಮೇಲೆ ಊಟ. ಊಟ ಆದಮೇಲೆ ಹಾಸಿಗೆಯಲ್ಲಿ ಮಲಗಬಹುದು, ಸದ್ದು ಮಾತ್ರ ಕೂಡದು. ನಿದ್ದೆ ಬಾರದವರು ಓದಬಹುದು, ಆದರೆ ಪಕ್ಕದವರಿಗೆ ತೊಂದರೆ ಆಗದ ಹಾಗೆ ಮೆಲ್ಲಗೆ ಓದಬೇಕು. (ಆ ಕಾಲದಲ್ಲಿ ಓದು ಅಂದರೆ ಸಾಮಾನ್ಯವಾಗಿ ಬಾಯಿಬಿಟ್ಟು ಓದೋದು. ಅದಕ್ಕೇ ಈ ಎಚ್ಚರಿಕೆ.) ಎರಡು ಗಂಟೆ ಸುಮಾರಿಗೆ ಮತ್ತೆ ಪ್ರಾರ್ಥನೆ, ಅದಾದಮೇಲೆ ಸಂಜೆ ಪ್ರಾರ್ಥನೆಯ ತನಕ ಕೆಲಸ. ರಾತ್ರಿ ಕಡಿಮೆಯಾದ ನಿದ್ದೆಯನ್ನು ಮಧ್ಯಾಹ್ನ ತುಂಬಿಸಿಕೊಳ್ಳಿ ಅಂತ ನಿಯಮವೇ ಹೇಳುತ್ತಿದೆ, ಸೋಮಾರಿತನ ಆತ್ಮದ ಶತ್ರು ಅಂತ ಶುರುವಾಗುವ ಅದೇ ಅಧ್ಯಾಯದಲ್ಲಿ.

ಈಗಿನ ಮಠಗಳು ಗಡಿಯಾರ ನೋಡಿ ನಡೆಯುತ್ತವೆ. ಟ್ರ್ಯಾಪಿಸ್ಟರು ಮೂರೂಕಾಲಿಗೋ ನಾಲ್ಕಕ್ಕೋ ಏಳುತ್ತಾರೆ, ಬೆನೆಡಿಕ್ಟೈನರು ಹಲವು ಕಡೆ ಐದರ ಆಸುಪಾಸು. ಬಲಿಪೂಜೆ, ಅಂದರೆ ಚರ್ಚಿನ ಮಾಸ್, ಬೆಳಿಗ್ಗೆಯೋ ಮಧ್ಯಾಹ್ನದ ಊಟಕ್ಕೆ ಮುಂಚೆಯೋ, ಅದು ಮಠದಿಂದ ಮಠಕ್ಕೆ ಬೇರೆ. ಮಧ್ಯಾಹ್ನದ ಆ ಮೌನದ ನಿದ್ದೆ ಮಾತ್ರ ಬಹಳ ಕಡೆ ಇನ್ನೂ ಉಳಿದಿದೆ.

ಪ್ರಶ್ನೆ: ಆ ಉದ್ದನೆ ನಿಲುವಂಗಿ ಹಾಕಿಕೊಂಡು ಸೆಕೆಯಲ್ಲಿ ಹೇಗಪ್ಪಾ ಇರ್ತಾರೆ?

ಕಷ್ಟವೇ. ಅದರಲ್ಲಿ ಮುಚ್ಚಿಡೋದು ಏನಿಲ್ಲ. ಚಳಿಗಾಲಕ್ಕೆ ದಪ್ಪ ಉಣ್ಣೆಯ ಮೇಲಂಗಿ, ಬೇಸಿಗೆಗೆ ತೆಳುವಾದದ್ದು, ಇಲ್ಲವೇ ತೊಟ್ಟು ತೊಟ್ಟು ಸವೆದದ್ದು ಇರಲಿ ಅಂತ ನಿಯಮಾವಳಿ ಹೇಳುತ್ತದೆ. ಸವೆದ ಬಟ್ಟೆಯೇ ಬೇಸಿಗೆಗೆ ಹಿತ ಅನ್ನೋದು ಬಟ್ಟೆ ಒಗೆದು ಉಟ್ಟವರಿಗೆಲ್ಲ ಗೊತ್ತಿರುವ ವಿಷಯ! ಕೆಲಸದ ಹೊತ್ತಿಗೆ ಸ್ಕಾಪುಲರ್ ಅಂತ ಬೇರೆ ಬಟ್ಟೆ. ಭುಜದ ಮೇಲಿಂದ ಹಿಂದಕ್ಕೂ ಮುಂದಕ್ಕೂ ಇಳಿಬಿಡುವ ಉದ್ದನೆಯ ಪಟ್ಟಿ ಅದು. ಈಗ ಹೊಲ, ತೋಟ, ಕಾರ್ಯಾಗಾರದಲ್ಲಿ ಹೆಚ್ಚಿನವರು ಮಾಮೂಲಿ ಪ್ಯಾಂಟು ಶರ್ಟು ಹಾಕಿಕೊಂಡೇ ಕೆಲಸ ಮಾಡುತ್ತಾರೆ, ಪ್ರಾರ್ಥನೆಗೆ ಹೋಗುವಾಗ ನಿಲುವಂಗಿ ತೊಡುತ್ತಾರೆ.

ಹಳೆಯ ಕಲ್ಲಿನ ಕಟ್ಟಡಗಳಲ್ಲಿ ಇನ್ನೊಂದು ಅನುಕೂಲ ಇದೆ. ಗೋಡೆ ತುಂಬಾ ದಪ್ಪ. ಹೊರಗೆ ಉರಿಯುತ್ತಿದ್ದರೂ ಚರ್ಚಿನ ಒಳಗೆ ಕಾಲಿಟ್ಟರೆ ತಂಪು. ಮಹಡಿಯ ಕೋಣೆಗಳಿಗೆ ಮಾತ್ರ ಆ ಭಾಗ್ಯ ಇಲ್ಲ, ಮಾಡು ಕಾದು ರಾತ್ರಿ ಪೂರ್ತಿ ಶಾಖ ಬಿಡುತ್ತಿರುತ್ತದೆ.

ಪ್ರಶ್ನೆ: ಊಟ ಏನು? ಉಪವಾಸ ಬೇಸಿಗೆಯಲ್ಲೂ ಇದೆಯಾ? ವೈನ್ ಕುಡೀತಾರೆ ಅಂತಾರೆ, ನಿಜವಾ?

ಮೂರಕ್ಕೂ ಉತ್ತರ ಹೇಳುತ್ತೇನೆ.

ನಿಯಮಾವಳಿಯ ಪ್ರಕಾರ ಬೇಯಿಸಿದ ಪದಾರ್ಥ ಎರಡು. ಒಂದು ಸೇರದವರು ಇನ್ನೊಂದನ್ನಾದರೂ ಉಣ್ಣಲಿ ಅಂತ. ತಾಜಾ ತರಕಾರಿಯೋ ಹಣ್ಣೋ ಸಿಕ್ಕರೆ ಮೂರನೆಯದು. ಬೇಸಿಗೆಯಲ್ಲಿ ತೋಟ ತುಂಬಿರುತ್ತದೆ, ಆದ್ದರಿಂದ ಈ ಮೂರನೆಯದು ಹೆಚ್ಚಾಗಿ ಸಿಗೋದು ಆಗಲೇ. ನಾಲ್ಕು ಕಾಲಿನ ಪ್ರಾಣಿಗಳ ಮಾಂಸ ತೀರಾ ನಿಶ್ಶಕ್ತರಾದ ಕಾಯಿಲೆಯವರಿಗೆ ಮಾತ್ರ. ಈಗ ಮಠ ಮಠಕ್ಕೂ ರೂಢಿ ಬೇರೆ, ಟ್ರ್ಯಾಪಿಸ್ಟರಲ್ಲಿ ಮಾಂಸ ಇಲ್ಲದ ಊಟವೇ ಸಾಮಾನ್ಯ. ಊಟದ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ. ಒಬ್ಬರು ಗಟ್ಟಿಯಾಗಿ ಪುಸ್ತಕ ಓದುತ್ತಾರೆ, ಉಳಿದವರು ಕೇಳುತ್ತಾ ಉಣ್ಣುತ್ತಾರೆ. ಚರಿತ್ರೆ, ಜೀವನಚರಿತ್ರೆ ಹೀಗೆ ಬರೀ ದೇವರ ವಿಷಯ ಅಲ್ಲದ ಪುಸ್ತಕಗಳೂ ಬರುತ್ತವೆ. ಓದುವವರಿಗೆ ಕೊನೆಯಲ್ಲಿ ಊಟ. ಅಲ್ಲಿಯ ತನಕ ಹಸಿವು ತಡೆಯಲಿ ಅಂತ ಓದು ಶುರುವಾಗುವ ಮುಂಚೆಯೇ ಅವರಿಗೆ ಸ್ವಲ್ಪ ಕುಡಿಯಲು ಕೊಡಿ ಅಂತಲೂ ನಿಯಮದಲ್ಲಿ ಬರೆದಿದೆ.

ಉಪವಾಸ ಇದೆ. ಈಸ್ಟರ್ ಆಗಿ ಏಳು ವಾರಕ್ಕೆ ಬರುವ ಪೆಂತೆಕೋಸ್ತ್ ಹಬ್ಬ ಕಳೆದ ಮೇಲೆ ಬೇಸಿಗೆ ಪೂರ್ತಿ ಬುಧವಾರ, ಶುಕ್ರವಾರ ಊಟವನ್ನು ಮಧ್ಯಾಹ್ನ ಜಾರುವ ತನಕ ಮುಂದೂಡಬೇಕು. ಆದರೆ ಕೂಡಲೇ ಒಂದು ಸಡಿಲಿಕೆ: ಹೊಲದಲ್ಲಿ ಕೆಲಸ ಇದ್ದರೆ, ಬಿಸಿಲು ವಿಪರೀತ ಇದ್ದರೆ ಹಾಗೆ ಮಾಡಬೇಕಿಲ್ಲ. ಅದನ್ನು ಮಠದ ಹಿರಿಯರು, ಅಂದರೆ ಆಬಟ್, ನೋಡಿ ತೀರ್ಮಾನಿಸಬೇಕು. ಸಹೋದರರು ಗೊಣಗಲು ನ್ಯಾಯವಾದ ಕಾರಣ ಸಿಗದ ಹಾಗೆ ಎಲ್ಲವನ್ನೂ ಹೊಂದಿಸಬೇಕು ಅನ್ನೋದು ಅದರ ಆಶಯ. ಗೊಣಗುವವರನ್ನು ಬೆನೆಡಿಕ್ಟರು ಪದೇ ಪದೇ ಗದರಿಸುತ್ತಾರೆ. ಆದರೆ ಗೊಣಗಾಟಕ್ಕೆ ಕಾರಣ ಕೊಡಬೇಡಿ ಅಂತ ಹಿರಿಯರಿಗೂ ಅಷ್ಟೇ ಖಡಾಖಂಡಿತವಾಗಿ ಹೇಳುತ್ತಾರೆ. ಮಠದ ಬೇಸಿಗೆ ಅರ್ಥ ಆಗಬೇಕಾದರೆ ಇದೊಂದು ವಿಷಯ ಹಿಡಿದುಕೊಳ್ಳಿ. ಊಟದ ಹೊತ್ತು, ನಿದ್ದೆ, ಬಟ್ಟೆ ಎಲ್ಲದರಲ್ಲೂ ಮನುಷ್ಯನ ಶರೀರಕ್ಕೆ ಎಷ್ಟು ತಾಳುತ್ತದೆ ಅಂತ ನೋಡಿಯೇ ನಿಯಮ ಮಾಡಿದ್ದಾರೆ. ವಯಸ್ಸಾದವರಿಗೂ ಮಕ್ಕಳಿಗೂ ಊಟದ ಹೊತ್ತಿನ ಕಟ್ಟುಪಾಡೇ ಇಲ್ಲ, ಹೊತ್ತಿಗೆ ಮುಂಚೆ ಉಣ್ಣಬಹುದು.

ವೈನ್? ಹೌದು. ದಿನಕ್ಕೆ ಒಂದು ಹೆಮಿನಾ, ಅಂದಾಜು ಕಾಲು ಲೀಟರ್. ಸನ್ಯಾಸಿಗಳಿಗೆ ವೈನ್ ತಕ್ಕದ್ದಲ್ಲ ಅಂತ ಹಿಂದಿನವರು ಹೇಳಿದ್ದಾರೆ, ಆದರೆ ಈ ಕಾಲದವರನ್ನು ಒಪ್ಪಿಸಲು ಆಗುತ್ತಿಲ್ಲ, ಮಿತಿಯಲ್ಲಾದರೂ ಇರಲಿ ಅನ್ನುತ್ತಾರೆ ಬೆನೆಡಿಕ್ಟರು. ಕೆಲಸ ಹೆಚ್ಚಿದ್ದರೆ, ಸೆಕೆ ಹೆಚ್ಚಿದ್ದರೆ ಸ್ವಲ್ಪ ಜಾಸ್ತಿ ಕೊಡುವ ಅಧಿಕಾರ ಹಿರಿಯರಿಗಿದೆ. ಬಿಟ್ಟೇಬಿಡುವ ಶಕ್ತಿ ಇದ್ದವರಿಗೆ ದೇವರು ಬೇರೆ ಪ್ರತಿಫಲ ಕೊಡುತ್ತಾನೆ ಅಂತಲೂ ಇದೆ.

ಪ್ರಶ್ನೆ: ಬೇಸಿಗೆಯಲ್ಲಿ ಮಠದವರು ಮಾಡುವ ಕೆಲಸಗಳು ಯಾವುವು? ಜೇನು ಸಾಕುತ್ತಾರಂತೆ?

ಸಾಕುತ್ತಾರೆ. ಚರ್ಚಿಗೆ ಮೇಣದಬತ್ತಿ ಬೇಕಿತ್ತು, ಮೇಣ ಬೇಕಾದರೆ ಜೇನುಹುಳ ಬೇಕು. ಹಾಗೆ ಮಠಕ್ಕೂ ಜೇನಿಗೂ ನಂಟು ಬಹಳ ಹಳೆಯದು. ಈ ವಿಷಯದಲ್ಲಿ ಮರೆಯಬಾರದ ಹೆಸರು ಬ್ರದರ್ ಆಡಮ್. 1898ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಇವರು ಹನ್ನೊಂದರ ಹುಡುಗನಾಗಿ ಇಂಗ್ಲೆಂಡಿನ ಡೆವನ್‌ನಲ್ಲಿರುವ ಬಕ್‌ಫಾಸ್ಟ್ ಮಠಕ್ಕೆ ಬಂದರು. 1910ರ ದಶಕದಲ್ಲಿ ಒಂದು ರೋಗ ಬಂದು ಮಠದ 46 ಜೇನು ಕುಟುಂಬಗಳಲ್ಲಿ 30 ಸತ್ತುಹೋದವು. ಉಳಿದ 16ರಿಂದ ಶುರು ಮಾಡಿ, ರೋಗ ತಡೆಯುವ, ಹೆಚ್ಚು ಜೇನು ಕೊಡುವ ತಳಿಯನ್ನು ಬೆಳೆಸಲು ಅವರು ಇಡೀ ಜೀವನ ಕೊಟ್ಟರು. ಒಳ್ಳೆ ರಾಣಿಹುಳ ಹುಡುಕಿಕೊಂಡು ದೇಶ ದೇಶ ತಿರುಗಿದರು. ಇವತ್ತು ಲೋಕದ ಎಷ್ಟೋ ಕಡೆ ಸಾಕುವ ಬಕ್‌ಫಾಸ್ಟ್ ತಳಿ ಅವರದೇ. 1996ರಲ್ಲಿ, 98ನೇ ವಯಸ್ಸಲ್ಲಿ ತೀರಿಕೊಂಡರು.

ಜೇನು ತೆಗೆಯುವ ದಿನ ಹೇಗಿರುತ್ತದೆ ಅಂತ ಹೇಳುತ್ತೇನೆ. ಪೆಟ್ಟಿಗೆಗೆ ಮೆಲ್ಲಗೆ ಹೊಗೆ ಊದಿ, ಒಂದೊಂದೇ ಚೌಕಟ್ಟು ಮೇಲೆತ್ತಿ, ಅಂಟಿಕೊಂಡ ಹುಳಗಳನ್ನು ಬ್ರಷ್‌ನಿಂದ ಸವರಿ ಕೆಳಗಿಳಿಸುತ್ತಾರೆ. ಆಮೇಲೆ ಎಲ್ಲವನ್ನೂ ಒಂದು ಕೋಣೆಗೆ ಸಾಗಿಸಿ ಬಾಗಿಲು ಕಿಟಕಿ ಭದ್ರವಾಗಿ ಮುಚ್ಚಬೇಕು. ಒಂದು ಸಂದು ಬಿಟ್ಟರೂ ವಾಸನೆ ಹಿಡಿದು ಹುಳಗಳು ಹಿಂಡುಗಟ್ಟಿ ನುಗ್ಗುತ್ತವೆ. ಒಳಗೆ ಒಲೆ ಪಕ್ಕ ನಿಂತಷ್ಟು ಸೆಕೆ. ಆ ಸೆಕೆಯೂ ಬೇಕು, ಜೇನು ಬೆಚ್ಚಗಿದ್ದರೇ ಸಲೀಸಾಗಿ ಹರಿಯೋದು. ಬಿಸಿ ಚಾಕುವಿನಿಂದ ಎರಿಯ ಮೇಲಿನ ಮೇಣದ ಮುಚ್ಚಳ ಸೀಳಿ, ಚೌಕಟ್ಟುಗಳನ್ನು ಡ್ರಮ್ಮಿನೊಳಗೆ ನಿಲ್ಲಿಸಿ ತಿರುಗಿಸಿದರೆ ಜೇನು ಗೋಡೆಗೆ ಸಿಡಿದು, ನಿಧಾನ ಇಳಿದು ಕೆಳಗಿನ ನಲ್ಲಿಗೆ ಬರುತ್ತದೆ. ಇನ್ನು ನಾಲ್ಕು ಚೌಕಟ್ಟು ಬಾಕಿ ಇದೆ ಅನ್ನುವಾಗ ಗಂಟೆ ಹೊಡೆಯುತ್ತದೆ. ನಲ್ಲಿ ನಿಲ್ಲಿಸಬೇಕು, ಮೊಣಕೈ ತನಕ ಅಂಟಿದ್ದನ್ನು ತೊಳೆಯಬೇಕು, ಹೋಗಬೇಕು. ಕೈಯಲ್ಲಿದ್ದ ಕೆಲಸ ಅರ್ಧಕ್ಕೇ ಬಿಟ್ಟು ಬೇಗ ಬನ್ನಿ, ಆದರೆ ಗಾಂಭೀರ್ಯ ಬಿಡಬೇಡಿ ಅಂತ ನಿಯಮ. ಹೊಸದಾಗಿ ಸೇರಿದವರಿಗೆ ಕಷ್ಟ ಆಗೋದು ಬೆಳಗಿನ ಜಾವದ ಏಳುವಿಕೆಗಿಂತ ಇದು ಅಂತ ನನ್ನ ಅನಿಸಿಕೆ. ಚೆನ್ನಾಗಿ ಸಾಗುತ್ತಿರುವ ಕೆಲಸವನ್ನು ಸುಮ್ನೆ ಹಾಗೇ ಬಿಟ್ಟು ಎದ್ದು ಹೋಗುವುದು ಸಣ್ಣ ಮಾತಲ್ಲ.

ಹೊಲ ತುಂಬಾ ದೂರ ಇದ್ದರೆ? ಬರಬೇಕಿಲ್ಲ. ಎಲ್ಲಿ ಕೆಲಸ ಮಾಡುತ್ತಿದ್ದಾರೋ ಅಲ್ಲೇ ಮಂಡಿಯೂರಿ ಪ್ರಾರ್ಥನೆ ಮಾಡಬೇಕು. ಬಡತನದಿಂದಲೋ ಊರಿನ ಪರಿಸ್ಥಿತಿಯಿಂದಲೋ ಕೊಯ್ಲನ್ನು ತಾವೇ ಮಾಡಬೇಕಾಗಿ ಬಂದರೆ ಬೇಜಾರು ಬೇಡ, ಸ್ವಂತ ದುಡಿಮೆಯಿಂದ ಬದುಕಿದಾಗಲೇ ನಿಜವಾದ ಸನ್ಯಾಸಿಗಳು ಅಂತ ನಿಯಮಾವಳಿ ಧೈರ್ಯ ಹೇಳುತ್ತದೆ.

ಜೇನು ಬಿಟ್ಟು ಬೇರೆ ಕೆಲಸಗಳೂ ಉಂಟು. 1148ರಲ್ಲಿ ಸ್ಥಾಪನೆಯಾದ ಫ್ರಾನ್ಸಿನ ಸೆನಾಂಕ್ ಮಠದ ಮುಂದೆ ಜೂನ್ ಕೊನೆಯಿಂದ ಜುಲೈವರೆಗೆ ಲ್ಯಾವೆಂಡರ್ ಅರಳಿ ನಿಲ್ಲುತ್ತದೆ, ಸಿಸ್ಟರ್ಸಿಯನ್ ಸನ್ಯಾಸಿಗಳದ್ದೇ ಬೆಳೆ. ಬೆಲ್ಜಿಯಂನ ವೆಸ್ಟ್‌ಮಾಲೆ, ಓರ್ವಾಲ್, ರೋಶ್‌ಫೋರ್ ಮಠಗಳಲ್ಲಿ ಬಿಯರ್ ತಯಾರಾಗುತ್ತದೆ. ಉಳಿದಂತೆ ತರಕಾರಿ ತೋಟ, ಹಣ್ಣಿನ ಜಾಮ್, ಹುಲ್ಲು ಕೊಯ್ಯೋದು, ಮಾಡು ರಿಪೇರಿ. ಎಲ್ಲ ಬೇಸಿಗೆಯಲ್ಲೇ ಮುಗಿಸಬೇಕು.

ಪ್ರಶ್ನೆ: ಒಂದೇ ಸೂರಿನಡಿ ಇಷ್ಟು ಜನ ಗಂಡಸರು, ಮೇಲೆ ಸೆಕೆ, ನಿದ್ದೆಗೇಡು. ಜಗಳ ಆಗಲ್ವಾ?

ಆಗದೇ ಇರುತ್ತದಾ! ಕಿಟಕಿ ತೆಗೆಯಬೇಕಾ ಮುಚ್ಚಬೇಕಾ ಅನ್ನೋದೇ ಸಾಕು. ಸನ್ಯಾಸಿಗಳು ಅಂದಕೂಡಲೇ ಸಿಟ್ಟು ಇಲ್ಲದವರು ಅಂದುಕೊಳ್ಳಬೇಡಿ.

ಇದಕ್ಕೆ ಬೆನೆಡಿಕ್ಟರು ಕಂಡುಕೊಂಡ ದಾರಿ ನೋಡಿ. ಬೆಳಗಿನ ಮತ್ತು ಸಂಜೆಯ ಪ್ರಾರ್ಥನೆಯಲ್ಲಿ ಯೇಸುಸ್ವಾಮಿ ಕಲಿಸಿದ ಪ್ರಾರ್ಥನೆಯನ್ನು ಹಿರಿಯರು ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ ಹೇಳಬೇಕು. ನಾವು ಕ್ಷಮಿಸಿದಂತೆ ನಮ್ಮನ್ನೂ ಕ್ಷಮಿಸು ಅನ್ನೋ ಮಾತು ಅದರಲ್ಲಿದೆಯಲ್ಲ, ದಿನಕ್ಕೆ ಎರಡು ಸಲ ಕಿವಿಗೆ ಬೀಳುತ್ತಿದ್ದರೆ ಮನಸ್ಸಿನಲ್ಲಿ ಬೆಳೆದ ಮನಸ್ತಾಪದ ಮುಳ್ಳುಗಳು ಕಿತ್ತುಹೋಗುತ್ತವೆ ಅಂತ. ಜಗಳ ಆಡಿದವರು ಹೊತ್ತು ಮುಳುಗುವ ಮುಂಚೆ ರಾಜಿ ಆಗಬೇಕು ಅಂತಲೂ ಇದೆ. ಅಡುಗೆ ಕೆಲಸ ಸರದಿ ಮೇಲೆ, ವಾರಕ್ಕೊಬ್ಬರು. ಶನಿವಾರ ಸರದಿ ಮುಗಿಸುವವರು ಎಲ್ಲರೂ ಒರೆಸಿಕೊಂಡ ವಸ್ತ್ರಗಳನ್ನು ಒಗೆದು, ಪಾತ್ರೆಗಳನ್ನು ಸ್ವಚ್ಛ ಮಾಡಿ ಲೆಕ್ಕ ಒಪ್ಪಿಸಬೇಕು. ಆ ಕಾಲದಲ್ಲಿ ಹೋಗುವವರೂ ಬರುವವರೂ ಸೇರಿ ಎಲ್ಲ ಸಹೋದರರ ಕಾಲು ತೊಳೆಯುತ್ತಿದ್ದರು. ಸಿಟ್ಟಾದವನ ಕಾಲನ್ನೂ, ಹೊಲದ ಮಣ್ಣು ಮೆತ್ತಿದ ಕಾಲನ್ನೂ ಕೈಯಾರೆ ತೊಳೆದ ಮೇಲೆ ಜಗಳ ಎಷ್ಟು ದಿನ ಉಳಿದೀತು?

ಪ್ರಶ್ನೆ: ಅವರು ಮೌನವ್ರತ ತೊಟ್ಟಿರುತ್ತಾರೆ ಅಲ್ವಾ?

ಅಂಥ ವ್ರತ ಇಲ್ಲ. ಬೆನೆಡಿಕ್ಟೈನ್ ವ್ರತಗಳು ಮೂರು: ಅದೇ ಮಠದಲ್ಲಿ ಕೊನೆತನಕ ನೆಲೆ ನಿಲ್ಲುವುದು, ಸನ್ಯಾಸ ಬದುಕಿಗೆ ತಕ್ಕ ನಡತೆ, ವಿಧೇಯತೆ. ಮೌನ ಅನ್ನೋದು ರೂಢಿ. ಬೇಕಾದಾಗ ಮಾತಾಡುತ್ತಾರೆ. ಮಲಗುವ ಮುಂಚಿನ ಪ್ರಾರ್ಥನೆ ಆದಮೇಲೆ ಮಾತ್ರ ಕಟ್ಟುನಿಟ್ಟು, ಬೆಳಿಗ್ಗೆ ತನಕ ಯಾರೂ ಬಾಯಿ ಬಿಡುವಂತಿಲ್ಲ, ಅತಿಥಿಗಳ ಅಗತ್ಯಕ್ಕೋ ಹಿರಿಯರ ಅಪ್ಪಣೆಗೋ ಹೊರತು. ಉತ್ತರ ಯುರೋಪಿನಲ್ಲಿ ಜೂನ್ ತಿಂಗಳಲ್ಲಿ ಎಂಟು ಗಂಟೆಗೆ ಮಠ ಮಲಗಲು ಹೊರಟರೆ ಹೊರಗಡೆ ಇನ್ನೂ ಬಿಸಿಲು ಇರುತ್ತದೆ.

ಪ್ರಶ್ನೆ: ನನ್ನ ಮಗನಿಗೆ 22 ವರ್ಷ. ಬೇಸಿಗೆಯಲ್ಲಿ ಒಂದು ವಾರ ಮಠದಲ್ಲಿ ಇದ್ದು ಬರುತ್ತೇನೆ ಅಂತ ಹಟ ಹಿಡಿದಿದ್ದಾನೆ. ಅಲ್ಲೇ ಉಳಿದುಬಿಟ್ಟರೆ ಅಂತ ನನಗೆ ರಾತ್ರಿ ನಿದ್ದೆ ಇಲ್ಲ. ಏನು ಮಾಡಲಿ?

ಅಮ್ಮಾ, ಗಾಬರಿಯಾಗಬೇಡಿ. ಕಳಿಸಿಕೊಡಿ.

ಅತಿಥಿಯಾಗಿ ಹೋಗುವುದು ಬೇರೆ, ಸನ್ಯಾಸಿ ಆಗುವುದು ಬೇರೆ. ಬಂದ ಅತಿಥಿಯನ್ನು ಯೇಸುಸ್ವಾಮಿಯೇ ಬಂದರು ಅಂತ ತಿಳಿದು ಉಪಚರಿಸಬೇಕು ಅನ್ನೋದು ಮಠದ ನಿಯಮ, ಅದಕ್ಕೇ ಅತಿಥಿಗೃಹ ಇರುತ್ತದೆ. ಅಲ್ಲಿ ಇರಲು ಮಗ ಏನೂ ಬರೆದುಕೊಡಬೇಕಿಲ್ಲ. ಪ್ರಾರ್ಥನೆಗೆ ಕೂರುತ್ತಾನೆ, ಬಹುಶಃ ತೋಟದಲ್ಲಿ ಕಳೆ ಕೀಳುತ್ತಾನೆ, ಪಾತ್ರೆ ಒರೆಸುತ್ತಾನೆ, ಫೋನಿಲ್ಲದೆ ನಿದ್ದೆ ಮಾಡುತ್ತಾನೆ. ಬೇಗ ಜಾಗ ಕೇಳಿ ಇಟ್ಟುಕೊಳ್ಳಲು ಹೇಳಿ, ಬೇಸಿಗೆಯಲ್ಲಿ ಬರುವವರು ಜಾಸ್ತಿ.

ಇನ್ನು ಅಲ್ಲೇ ಉಳಿಯುವ ಮಾತು. ಸೇರಲು ಬಂದವರನ್ನು ಸುಲಭವಾಗಿ ಒಳಗೆ ಬಿಡಬೇಡಿ ಅಂತಲೇ ನಿಯಮಾವಳಿಯಲ್ಲಿ ಇದೆ. ಈಗಿನ ಚರ್ಚ್ ಕಾನೂನಿನ ಪ್ರಕಾರವೂ ಹೊಸಬರ ತರಬೇತಿ ಕನಿಷ್ಠ 12 ತಿಂಗಳು, ಆಮೇಲೆ ತಾತ್ಕಾಲಿಕ ವ್ರತ ಕನಿಷ್ಠ 3 ವರ್ಷ, ಅದಾದಮೇಲಷ್ಟೇ ಕಾಯಂ ವ್ರತ. ತರಬೇತಿಯ ಅವಧಿಯಲ್ಲಿ ಯಾವತ್ತು ಬೇಕಾದರೂ ಎದ್ದು ಬರಬಹುದು. ತರಬೇತಿಗೂ ಮುಂಚೆ ಹೆಚ್ಚಿನ ಮಠಗಳು ತಿಂಗಳುಗಟ್ಟಲೆ ನೋಡುತ್ತವೆ. ಒಂದು ವಾರದಲ್ಲಿ ಯಾರೂ ನಿಮ್ಮ ಮಗನನ್ನು ಸನ್ಯಾಸಿ ಮಾಡುವುದಿಲ್ಲ.

ಆದರೂ ಒಂದು ಮಾತು ಹೇಳಬೇಕು ಅನಿಸುತ್ತದೆ. ಅವನು ಯಾಕೆ ಹೋಗಬೇಕು ಅನ್ನುತ್ತಿದ್ದಾನೆ ಅಂತ ಕೇಳಿದ್ದೀರಾ? ದಣಿವು ಇರಬಹುದು, ಪ್ರಶ್ನೆಗಳು ಇರಬಹುದು. ಹೋಗುವ ಮುಂಚೆ ಒಂದು ಸಂಜೆ ಪಕ್ಕದಲ್ಲಿ ಕೂತು ಕೇಳಿ. ಬುದ್ಧಿ ಹೇಳಬೇಡಿ, ಕೇಳಿಸಿಕೊಳ್ಳಿ ಅಷ್ಟೇ.

ಪ್ರಶ್ನೆ: ಬೇಸಿಗೆಯಲ್ಲಿ ಮಠದ ಹಬ್ಬಗಳು ಯಾವುವು?

ಜೂನ್ 24 ಸ್ನಾನಿಕ ಯೊವಾನ್ನರ ಜನನ, 29 ಸಂತ ಪೇತ್ರ ಮತ್ತು ಪೌಲರು. ಜುಲೈ 11 ಸಂತ ಬೆನೆಡಿಕ್ಟರ ಹಬ್ಬ, ಮಠಕ್ಕೆ ದೊಡ್ಡ ದಿನ. ಆಗಸ್ಟ್ 6 ಯೇಸುಸ್ವಾಮಿಯ ರೂಪಾಂತರ, 15 ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರ, 20 ಸಿಸ್ಟರ್ಸಿಯನ್ ಪಂಥದ ಸಂತ ಬರ್ನಾರ್ಡರು. ಜರ್ಮನ್ ಮಾತಾಡುವ ನಾಡುಗಳಲ್ಲಿ ಆಗಸ್ಟ್ 15ರಂದು ಗಿಡಮೂಲಿಕೆಗಳ ಕಟ್ಟನ್ನು ಚರ್ಚಿಗೆ ತಂದು ಆಶೀರ್ವಾದ ಮಾಡಿಸುವ ಪದ್ಧತಿ ಇದೆ. ಮಠದ ತೋಟಕ್ಕೆ ಅವತ್ತು ಬಿಡುವಿಲ್ಲ.

ಪ್ರಶ್ನೆ: ಹಾಗಾದರೆ ಮಠದಲ್ಲಿ ಬೇಸಿಗೆ ಮುಗಿಯೋದು ಯಾವಾಗ?

ನಿಯಮಾವಳಿ ನೋಡಿದರೆ ಒಂದೇ ಸಲ ಮುಗಿಯೋದಿಲ್ಲ. ಸೆಪ್ಟೆಂಬರ್ 13ರಿಂದ ಊಟದ ಹೊತ್ತು ಮುಂದಕ್ಕೆ ಹೋಗುತ್ತದೆ, ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ ಬರುವ ತನಕ ಊಟ ಮಧ್ಯಾಹ್ನ ಜಾರಿದ ಮೇಲೆಯೇ. ಅಕ್ಟೋಬರ್ 1ರಿಂದ ಕೆಲಸ ಮತ್ತು ಓದಿನ ಹೊತ್ತು ಅದಲುಬದಲು, ಮೊದಲು ಓದು, ಆಮೇಲೆ ಕೆಲಸ. ನವೆಂಬರ್ 1ರಂದು ರಾತ್ರಿಯ ಪ್ರಾರ್ಥನೆಗೆ ಉದ್ದ ಪಾಠಗಳು ವಾಪಸ್ ಬರುತ್ತವೆ, ಪುಸ್ತಕವನ್ನು ಮತ್ತೆ ಪೀಠದ ಮೇಲೆ ಇಡುತ್ತಾರೆ.